ರಿಪೋರ್ಟಿನ ಶೇಕಡಾ ಏನು ಹೇಳುತ್ತದೆ?

ನಮ್ಮ ಸಂಕೇಶ್ವರದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ನಿಪ್ಪಾಣಿ ಬೀಡಿ ತಂಬಾಕಿನ ಹೆಸರಾಂತ ಪೇಟೆ. ಬೀಡಿ, ಸಿಗರೇಟಿನ ಹೊಗೆ ಶ್ವಾಸಕೋಶದ ಕ್ಯಾನ್ಸರಿಗೆ ಮುಖ್ಯ ಕಾರಣ. ಸೇದದವರಿಗೂ ಅದು ಬರುವುದುಂಟು. ರೋಗ ಬಂದ ಮನೆಗೆ ಬರುವ ಬಯಾಪ್ಸಿ ರಿಪೋರ್ಟ್ ಇಂಗ್ಲಿಷಿನಲ್ಲಿರುತ್ತದೆ. ಮನೆಯ ಮಾತು ಉರ್ದುವಿನಲ್ಲೋ, ಕನ್ನಡದಲ್ಲೋ, ಮರಾಠಿಯಲ್ಲೋ ನಡೆಯುತ್ತದೆ. ಕೊನೆಗೆ ನೆನಪಿನಲ್ಲಿ ಉಳಿಯುವುದು ಒಂದು ಶೇಕಡಾ ಅಂಕಿ ಮಾತ್ರ. ಅದರ ಅರ್ಥ ತಿಳಿಯೋಣ.

ಗಡ್ಡೆಯಿಂದ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಗಟ್ಟಿ ಮಾಡಿ, ಕೂದಲಿಗಿಂತ ತೆಳ್ಳಗೆ ಕತ್ತರಿಸುತ್ತಾರೆ. ಅದರ ಮೇಲೆ ಪ್ರತಿಕಾಯ ಹಾಕುತ್ತಾರೆ. ಅದು ತನಗೆ ಹೊಂದುವ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುತ್ತದೆ. ಅಂಟಿದ ಕಡೆ ಕಂದು ಬಣ್ಣ ಬರುವಂತೆ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 100 ಕ್ಯಾನ್ಸರ್ ಕೋಶಗಳಲ್ಲಿ 60ಕ್ಕೆ ಬಣ್ಣ ಬಂದಿದ್ದರೆ ಶೇ. 60 ಎಂದು ಬರೆಯುತ್ತಾರೆ. ಇದು ಕೋಶಗಳ ಲೆಕ್ಕ. ರೋಗಿ ಬದುಕುವ ಸಾಧ್ಯತೆಯ ಲೆಕ್ಕವಲ್ಲ.

ಯಾವ ಪ್ರೋಟೀನ್ ಎಂಬುದರ ಮೇಲೆ ಅಂಕಿಯ ಅರ್ಥ ಬದಲಾಗುತ್ತದೆ. ಕಿ-67 ಎಂಬುದು ಕೋಶ ಎರಡಾಗಲು ಹೊರಟಾಗ ಕಾಣುವ ಪ್ರೋಟೀನ್. ಅದು ಹೆಚ್ಚಿದ್ದರೆ ಗಡ್ಡೆ ಚುರುಕಾಗಿ ಬೆಳೆಯುತ್ತಿದೆ ಎಂದರ್ಥ. ಹಲವು ಅಧ್ಯಯನಗಳಲ್ಲಿ ಇಂಥ ರೋಗಿಗಳ ಗುಂಪು ಕಡಿಮೆ ಕಾಲ ಬದುಕಿದೆ. ಪಿಡಿ-ಎಲ್1 ಬೇರೆ ಬಗೆಯದು. ದೇಹದ ರೋಗನಿರೋಧಕ ಕೋಶಗಳಿಂದ ತಪ್ಪಿಸಿಕೊಳ್ಳಲು ಗಡ್ಡೆ ಅದನ್ನು ಬಳಸುತ್ತದೆ. ಆ ದಾರಿಯನ್ನು ಮುಚ್ಚುವ ಔಷಧಿಗಳು ಈಗ ಇವೆ. ಪಿಡಿ-ಎಲ್1 ಶೇ. 50 ಅಥವಾ ಹೆಚ್ಚಿದ್ದು, ಇಜಿಎಫ್‌ಆರ್, ಎಎಲ್‌ಕೆ ಜೀನ್‌ಗಳಲ್ಲಿ ಬದಲಾವಣೆ ಇಲ್ಲದಿದ್ದರೆ, ಮುಂದುವರಿದ ರೋಗದಲ್ಲೂ ಕೆಲವರಿಗೆ ಕಿಮೋಥೆರಪಿ ಇಲ್ಲದೆ ಆ ಔಷಧಿಯೊಂದನ್ನೇ ಕೊಡಬಹುದು. ಒಂದೇ ಶೇ. 60, ಒಂದು ಕಡೆ ಎಚ್ಚರಿಕೆ, ಇನ್ನೊಂದು ಕಡೆ ಚಿಕಿತ್ಸೆಯ ದಾರಿ.

ವಾಣಿಜ್ಯ ವಿದ್ಯಾರ್ಥಿಗಳು ಸಂಖ್ಯಾಶಾಸ್ತ್ರದಲ್ಲಿ ಮಧ್ಯಾಂಕ ಓದಿದ್ದೇವೆ. ಒಂದು ಗುಂಪು ಬದುಕಿದ ಕಾಲದ ಮಧ್ಯಾಂಕ 2 ವರ್ಷ ಎಂದರೆ ಎಲ್ಲರೂ 2 ವರ್ಷಕ್ಕೆ ತೀರಿಕೊಂಡರು ಎಂದಲ್ಲ; ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದರು. ಪ್ರೋಟೀನ್ ಗುರುತು ಹೇಳುವುದು ಗುಂಪಿನ ಮಾತು. ನಮ್ಮ ಅಜ್ಜನ ದಿನಗಳನ್ನು ಅದು ಎಣಿಸುವುದಿಲ್ಲ. ರೋಗ ಯಾವ ಹಂತದಲ್ಲಿದೆ, ರೋಗಿಗೆ ಶಕ್ತಿ ಎಷ್ಟಿದೆ ಎಂಬುದನ್ನೂ ವೈದ್ಯರು ಕೂಡಿಸಿ ನೋಡುತ್ತಾರೆ.

ಆದ್ದರಿಂದ ಅಂಕಿ ಕೇಳಿ ಚಿಕಿತ್ಸೆ ಬಿಡಬಾರದು. ಎರಡು ಪ್ರಶ್ನೆ ಕೇಳಬೇಕು: ಇದು ಯಾವ ಪ್ರೋಟೀನಿನ ಅಂಕಿ? ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ? 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆ ಮೇಣದ ಬ್ಲಾಕನ್ನೂ ಕೇಳಿ ಪಡೆದು ಒಯ್ಯಬೇಕು. ಅದರಲ್ಲಿ ಚೂರು ಉಳಿದಿದ್ದರೆ ಮತ್ತೆ ಸೂಜಿ ಚುಚ್ಚದೆ ಇನ್ನಷ್ಟು ಪರೀಕ್ಷೆ ಮಾಡಬಹುದು.