ಹೊರಗಿಡುವ ಬೆಂಚಿಗೆ ಹೊಳಪು ಬೇಡ

ಸಾಗುವಾನಿ ಬೆಂಚು ಮಾಡಿಸಿ ಅಂಗಳದಲ್ಲಿ ಹಾಕುತ್ತೀಯಂತೆ, ಒಳ್ಳೆಯದೇ ಆಯ್ತು ಮಾರಾಯ. ಪೇಂಟಿನ ಅಂಗಡಿಗೆ ಹೋಗುವ ಮೊದಲು ನನ್ನದೊಂದು ಮಾತು ಕೇಳು. ಅಲ್ಲಿ ಎಲ್ಲರೂ ವಿಚಾರಿಸುವುದು ಎಷ್ಟು ವರ್ಷ ಬಾಳುತ್ತದೆ ಎಂದು. ನೀನು ವಿಚಾರಿಸಬೇಕಾದ್ದು, ಹಾಳಾದ ಮೇಲೆ ಮತ್ತೆ ಹಚ್ಚುವುದು ಎಷ್ಟು ಸುಲಭ ಎಂದು. ತೀರ್ಥಹಳ್ಳಿಯ ಮಳೆ ಹೊಡೆಸಿಕೊಂಡು, ಆಮೇಲೆ ಏಪ್ರಿಲ್ ಬಿಸಿಲಿನಲ್ಲಿ ಒಣಗುವ ಮರದ ಮೇಲೆ ಯಾವ ಲೇಪವೂ ಶಾಶ್ವತವಲ್ಲ.

ಫ್ರೆಂಚ್ ಪಾಲಿಶ್ ಎಂದರೆ ಅರಗು. ನೀರು ನಿಂತಲ್ಲಿ ಬೆಳ್ಳಗೆ ಕಲೆ ಬೀಳುತ್ತದೆ. ಮೆಲಮೈನ್ ಮನೆಯೊಳಗಿನ ಕಪಾಟಿಗೆ ಸರಿ. ಆಚಾರಿ ಎಷ್ಟೇ ಹೇಳಲಿ, ಹೊರಗಿನ ಸಾಮಾನಿಗೆ ಇವೆರಡೂ ಬೇಡ.

ವಾರ್ನಿಶ್, ಪಿಯು (ಪಾಲಿಯುರೆಥೇನ್) ಹಚ್ಚಿದ ದಿನ ಕಣ್ಣು ಕೋರೈಸುತ್ತವೆ, ನಿಜ. ಆದರೆ ಇವು ಮರದ ಮೇಲೆ ಕೂರುವ ಪದರಗಳು. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿಸಿಲಿಗೆ ಗಡುಸಾದ ಪದರ ಆ ಎಳೆದಾಟಕ್ಕೆ ಬಗ್ಗದೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಹೊರಗೆ ಬರಲು ದಾರಿಯಿಲ್ಲ, ಅಡಿಯಲ್ಲೇ ಮರ ಕಪ್ಪುಗಟ್ಟುತ್ತದೆ. ಆಗ ಬರೀ ಮೇಲೆ ಬಳಿದರೆ ನಿಲ್ಲುವುದಿಲ್ಲ, ಇಡೀ ಬೆಂಚನ್ನು ಕೆರೆದು ಬರಿಮರ ಕಾಣಿಸಬೇಕು. ಮಾಡಿನ ಕೆಳಗಿರುವ ಬಾಗಿಲಿಗೋ ಜಗಲಿಯ ಉಯ್ಯಾಲೆಗೋ ಹೊರಾಂಗಣದ ಪಿಯು ಬಳಿಸು, ಬೇಡ ಎನ್ನುವುದಿಲ್ಲ.

ಬಯಲಿನ ಬೆಂಚಿಗೆ ಎಣ್ಣೆಯೇ ಲೇಸು. ಅದು ಮರದೊಳಗೆ ಇಳಿಯುತ್ತದೆ, ಸಿಪ್ಪೆ ಏಳುವುದಿಲ್ಲ. ವರ್ಷಕ್ಕೊಮ್ಮೆ ತೊಳೆದು, ಒಣಗಿಸಿ, ತೆಳುವಾಗಿ ಸ್ಯಾಂಡ್‌ಪೇಪರ್ ಆಡಿಸಿ ಮತ್ತೆ ಹಚ್ಚಿದರೆ ಮುಗಿಯಿತು, ನೀನೇ ಮಾಡಬಹುದು. ಬರಿ ಅಗಸೆ ಎಣ್ಣೆ ಮಾತ್ರ ನಮ್ಮ ಕಡೆಗಲ್ಲ. ಒಣಗಲು ತಡ, ಥಂಡಿಗೆ ಬೂಷ್ಟು ಹಿಡಿಯುತ್ತದೆ. 'ಟೀಕ್ ಆಯಿಲ್' ಡಬ್ಬಿಯಲ್ಲೂ ಸಾಮಾನ್ಯವಾಗಿ ಇರುವುದು ಇಂಥ ಎಣ್ಣೆಗೆ ವಾರ್ನಿಶ್, ತಿನ್ನರ್ ಬೆರೆಸಿದ್ದೇ. ಬೂಷ್ಟು ತಡೆಯುವ ಔಷಧಿ ಸೇರಿಸಿದ, ತುಸು ಬಣ್ಣವಿರುವ ಹೊರಾಂಗಣದ ಎಣ್ಣೆಯನ್ನೇ ಕೇಳು. ಬಣ್ಣ ಬಿಸಿಲನ್ನು ತಡೆಯುತ್ತದೆ, ನೀರಿನಂತೆ ತಿಳಿಯಾದದ್ದು ಅಷ್ಟು ತಡೆಯಲಾರದು.

ಸಾಗುವಾನಿಯ ಚೇಗಿಗೆ ಏನೂ ಹಚ್ಚದೆ ಬಿಟ್ಟರೂ ಬೂದುಬಣ್ಣಕ್ಕೆ ತಿರುಗೀತೇ ಹೊರತು ಬೇಗ ಕೊಳೆಯುವುದಿಲ್ಲ. ಅಂಚಿನ ಬಿಳಿ ಭಾಗಕ್ಕೆ ಆ ತಾಳಿಕೆ ಇಲ್ಲ, ಮರ ಆರಿಸುವಾಗಲೇ ಅದನ್ನು ಬಿಡಿಸು. ಮಾವಿನ ಮರವನ್ನಂತೂ ಹೊರಗಿಡಲೇಬೇಡ.

ಕೆಲಸ ಜನವರಿಯಲ್ಲಿ, ಮರ ಚೆನ್ನಾಗಿ ಒಣಗಿದ ಮೇಲೆ ಇಟ್ಟುಕೋ. ಬೆಂಚನ್ನು ಬೋರಲು ಹಾಕಿ ಮೊದಲು ಕಾಲುಗಳ ಅಡಿಗೆ ಎಣ್ಣೆ ಕುಡಿಸು, ಸಾಕೆನ್ನುವಷ್ಟು. ಮರ ಹೆಚ್ಚು ನೀರು ಹೀರುವುದು ಕೊಯ್ದ ತುದಿಯಲ್ಲಿ, ಕೊಳೆಯಲು ತೊಡಗುವುದೂ ಅಲ್ಲಿಂದಲೇ. ಕಾಲಿನ ಕೆಳಗೆ ಒಂದೊಂದು ಕಲ್ಲಿನ ತುಂಡು ಇಡು, ಮಣ್ಣು ತಾಗಬಾರದು. ಉಳಿದ ಭಾಗಕ್ಕೂ ಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟು, ಮರ ಹೀರದೆ ಉಳಿದದ್ದನ್ನು ಒರೆಸಿ ತೆಗೆ, ಬಿಟ್ಟರೆ ಅಂಟಂಟಾಗುತ್ತದೆ.

ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಕಾವು ಹೆಚ್ಚಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಒಂದೊಂದನ್ನೂ ಬಿಡಿಸಿ ಬಯಲಲ್ಲಿ ಒಣಹಾಕು, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡು. ಮಕ್ಕಳಿರುವ ಮನೆ, ಇದೊಂದನ್ನು ಮರೆಯಬೇಡ ಮಾರಾಯ.