ಹಿಮದಡಿಯ ಪಾಲಕ್ ಮಲೆನಾಡಿಗೆ ಬಂದೀತೇ?

ಪ್ರಶ್ನೆ: ಅಮೆರಿಕದ ಮೈನ್ ರಾಜ್ಯದಲ್ಲಿರುವ ಮಗಳ ಮನೆಗೆ ಜನವರಿಯಲ್ಲಿ ಹೋಗಿದ್ದೆ. ಹೊರಗೆ ಮೊಣಕಾಲುದ್ದ ಹಿಮ. ಅಲ್ಲೊಂದು ಸಣ್ಣ ತೋಟದವರು ಪ್ಲಾಸ್ಟಿಕ್ ಟನಲ್‌ನೊಳಗೆ ಪಾಲಕ್ ಕೊಯ್ಯುತ್ತಿದ್ದರು. ಹೀಟರ್ ಇಲ್ಲವಂತೆ! ಇದು ಹೇಗೆ? ನಮ್ಮ ಹಿತ್ತಲಲ್ಲೂ ಮಾಡಬಹುದೇ?
— ಓದುಗರೊಬ್ಬರು, ಸಾಗರ

ಉತ್ತರ: ಆ ಪಾಲಕ್ ಜನವರಿಯಲ್ಲಿ ಬೆಳೆದದ್ದಲ್ಲ. ಸೆಪ್ಟೆಂಬರ್‌ನಲ್ಲಿ ಬಿತ್ತಿ, ಚಳಿ ಬಿಗಿಯುವ ಮೊದಲೇ ಬಲಿತು ನಿಂತದ್ದು. ಟನಲ್ ಅದನ್ನು ಸಾಯಗೊಡದೆ ಕಾಯುತ್ತದೆ, ಅಷ್ಟೆ.

ಮೈನ್‌ನ ಹಾರ್ಬರ್‌ಸೈಡ್‌ನಲ್ಲಿ 'ಫೋರ್ ಸೀಸನ್ ಫಾರ್ಮ್' ಕಟ್ಟಿದ ಎಲಿಯಟ್ ಕೋಲ್ಮನ್ ಈ ಲೆಕ್ಕವನ್ನು ಸಣ್ಣ ರೈತರಿಗೆ ಮನದಟ್ಟು ಮಾಡಿಸಿದವರು. ಹಗಲು 10 ಗಂಟೆಗಿಂತ ಕಡಿಮೆಯಾದರೆ ಗಿಡ ಬೆಳೆಯುವುದು ಹೆಚ್ಚುಕಡಿಮೆ ನಿಂತುಬಿಡುತ್ತದೆ. ಅಲ್ಲಿ ನವೆಂಬರ್ ಮೊದಲ ವಾರದಿಂದ ಫೆಬ್ರುವರಿ ಮೊದಲ ವಾರದವರೆಗೆ ಇದೇ ಪಾಡು. ಬಿತ್ತನೆ ತಡವಾದರೆ ಎಂಥ ಟನಲ್ ಕಟ್ಟಿದರೂ ಕೊಯ್ಯಲು ಏನೂ ಇರುವುದಿಲ್ಲ.

ಚಳಿಗೆ ಅವರು ಎರಡು ಹೊದಿಕೆ ಹಾಕುತ್ತಾರೆ. ಹೊರಗೆ ಆಳು ನಿಲ್ಲುವಷ್ಟು ಎತ್ತರದ ಪ್ಲಾಸ್ಟಿಕ್ ಟನಲ್. ಅದರೊಳಗೆ ಮಡಿಯ ಮೇಲೆ ತಂತಿ ಬಾಗಿಸಿ, ನೆಲದಿಂದ ಒಂದಡಿ ಎತ್ತರಕ್ಕೆ ಹೊದಿಸಿದ ತೆಳು ಬಟ್ಟೆ. ಹಗಲು ಕಾದ ಮಣ್ಣು ರಾತ್ರಿ ಬಿಡುವ ಬಿಸಿ ಆ ಬಟ್ಟೆಯಡಿ ನಿಲ್ಲುತ್ತದೆ, ಕೊರೆಯುವ ಗಾಳಿಯೂ ತಾಗುವುದಿಲ್ಲ. ಹಾಗಿದ್ದೂ ಎಷ್ಟೋ ಬೆಳಗ್ಗೆ ಎಲೆಗಳು ಹೆಪ್ಪುಗಟ್ಟಿ ಸೆಟೆದಿರುತ್ತವೆ. ಆಗ ಕೊಯ್ದರೆ ಕರಗಿದ ಮೇಲೆ ಲೊಳಲೊಳ. ಬಿಸಿಲೇರುವತನಕ ಕಾದರೆ ಅದೇ ಎಲೆ ಏನೂ ಆಗಿಲ್ಲವೆಂಬಂತೆ ಚೇತರಿಸಿಕೊಳ್ಳುತ್ತದೆ. ಚಳಿಗೆ ಒಗ್ಗಿದ ಪಾಲಕ್ ತನ್ನಲ್ಲಿ ಸಕ್ಕರೆಯಂಶ ಹೆಚ್ಚಿಸಿಕೊಳ್ಳುವುದು ಇದಕ್ಕೆ ಒಂದು ಕಾರಣ. ಚಳಿಗಾಲದ ಸೊಪ್ಪು ಸಿಹಿಯಾಗುವುದೂ ಅದರಿಂದಲೇ. ಟೊಮೆಟೊಗೆ ಈ ಉಪಾಯ ಗೊತ್ತಿಲ್ಲ, ಮೊದಲ ಹಿಮಕ್ಕೇ ಮಲಗುತ್ತದೆ.

ಇನ್ನು ಸಾಗರದ ಮಾತು. ನಿಮ್ಮಲ್ಲಿ ಡಿಸೆಂಬರ್‌ನಲ್ಲೂ ಹಗಲು 11 ಗಂಟೆಗೆ ಮೇಲಿದೆ, ಹರಿವೆ ಬಯಲಲ್ಲೇ ಬರುತ್ತದೆ. ಅಲ್ಲಿಯಂತೆ ಮುಚ್ಚಿದ ಟನಲ್ ಕಟ್ಟಿದರೆ ಗಿಡ ಬೆಂದುಹೋದೀತು. ನಿಮಗೆ ಕೈಕೊಡುವುದು ಜೂನ್‌ನಿಂದ ಸೆಪ್ಟೆಂಬರ್. ಎಲೆ ಸದಾ ಒದ್ದೆ, ಸಿಡಿದ ಮಣ್ಣಿನ ಜೊತೆಗೇ ರೋಗ, ಟೊಮೆಟೊಗೆ ಅಂಗಮಾರಿ, ಕೊತ್ತಂಬರಿ ಮೊಳಕೆಯಲ್ಲೇ ಕೊಳೆ. ಆದ್ದರಿಂದ ಮೇಲೆ ಮಾತ್ರ ಮಾಡು, ಸುತ್ತ ಬಯಲು ಸಾಕು. ಕೇರಳದ ಹಿತ್ತಲುಗಳಲ್ಲಿ ಇಂಥ ಮಳೆಮರೆ ರೂಢಿಯಲ್ಲಿದೆ. ಬಿದಿರಿನ ಕಂಬ, ಅಡಿಕೆ ದಬ್ಬೆ, ಮೇಲೆ 200 ಮೈಕ್ರಾನಿನ ಯುವಿ ಹಾಳೆ. ಅಗ್ಗದ ಮಾಮೂಲಿ ಪ್ಲಾಸ್ಟಿಕ್ ತರಬೇಡಿ, ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಮಡಿ ಎತ್ತರವಿರಲಿ, ಸುತ್ತ ಬಸಿಗಾಲುವೆ ತೆಗೆಯಿರಿ. ಇಲ್ಲವಾದರೆ ಮಾಡಿನಿಂದ ಸುರಿದ ನೀರೆಲ್ಲ ಬೇರಿಗೇ ಬರುತ್ತದೆ.

ಒಂದು ತಮಾಷೆಯೂ ಇದೆ: ಜುಲೈನಲ್ಲಿ ಸುತ್ತ ಧೋ ಎಂದು ಸುರಿಯುತ್ತಿರುವಾಗ ನೀವು ಕೊಡ ಹಿಡಿದು ಗಿಡಕ್ಕೆ ನೀರು ಹಾಕಬೇಕಾಗುತ್ತದೆ. ನೋಡಿದವರು ನಕ್ಕರೆ ನಗಲಿ. ಮೋಡದ ದಿನಗಳಲ್ಲಿ ಬೆಳಕೇ ಕಮ್ಮಿ, ಹಾಗಾಗಿ ಹಾಳೆಗೆ ಪಾಚಿ ಕಟ್ಟಿದರೆ ಆಗಾಗ ತೊಳೆಯಿರಿ. ಹೀರೆ, ಮಳೆಗಾಲದ ಸೌತೆಗೆ ಇದರ ಗೊಡವೆ ಬೇಡ. ಒಳಗಿನ ಜಾಗ ಟೊಮೆಟೊ, ಮೆಣಸಿನಕಾಯಿ, ಕೊತ್ತಂಬರಿಗಿರಲಿ. ಮಳೆ ಮುಗಿದ ಮೇಲೆ ಹಾಳೆ ಬಿಚ್ಚಿ ನೆರಳಲ್ಲಿ ಮಡಚಿಟ್ಟರೆ ಹೆಚ್ಚು ಬಾಳುತ್ತದೆ. ಖಾಲಿ ಹಂದರಕ್ಕೆ ಬಸಳೆ ಹಬ್ಬಿಸಿ.