ಮೇಲ್ ಕಳಿಸಿದ್ದು ಯಾರು? ಊರಿನ ವ್ಯಾಪಾರಕ್ಕೆ ಒಂದು ಇಮೇಲ್ ಪಾಠ

ನಮಗೆ ಇಮೇಲ್ ಅಂದರೆ ಅಸೈನ್‌ಮೆಂಟಿನ ಕೊನೇ ದಿನ, ಪ್ಲೇಸ್‌ಮೆಂಟ್ ನೋಟಿಸು, ಅಷ್ಟೇ. ಆದರೆ ಕಾರವಾರ, ಅಂಕೋಲಾದ ಸಣ್ಣ ವ್ಯಾಪಾರಿಗಳಿಗೆ ಇನ್‌ಬಾಕ್ಸ್ ಅಂದರೆ ಅರ್ಧ ಗಲ್ಲಾಪೆಟ್ಟಿಗೆ. ಹೋಮ್‌ಸ್ಟೇ ಬುಕಿಂಗ್ ಅಲ್ಲೇ ಬರುತ್ತದೆ. ಬೈತಖೋಲ್ ಬಂದರಿನಿಂದ ಮೀನು ಹೊರಗೆ ಕಳಿಸುವವರ ಬಿಲ್ಲು ಅಲ್ಲಿಂದ ಹೋಗುತ್ತದೆ. 2023ರಲ್ಲಿ ಜಿಐ ಮಾನ್ಯತೆ ಪಡೆದ ಅಂಕೋಲಾದ ಕರಿ ಈಶಾಡ ಮಾವಿಗೆ ದೂರದ ಊರಿನಿಂದ ಆರ್ಡರ್ ಬಂದರೆ ಅದೂ ಅಲ್ಲಿಗೇ. ಮಾವಿನ ಹಂಗಾಮು ವರ್ಷಕ್ಕೆ ಒಂದೇ ಸಲ. ಮಳೆಗಾಲದಲ್ಲಿ ಯಾಂತ್ರಿಕ ಬೋಟುಗಳೂ ದಡದಲ್ಲೇ ಇರುತ್ತವೆ. ಹಂಗಾಮಿನ ಹಣ ಒಂದು ಕಳ್ಳ ಮೇಲ್‌ನಿಂದ ಹೋದರೆ ಮುಂದಿನ ತಿಂಗಳು ದುಡಿದು ತುಂಬಿಸೋಣ ಅನ್ನುವ ಹಾಗಿಲ್ಲ. ಅದಕ್ಕೇ ಈ ಪಾಠ.

ಫಿಲ್ಟರ್ ಹೇಗೆ ಲೆಕ್ಕ ಹಾಕುತ್ತದೆ?

ಸ್ಪ್ಯಾಮ್ ಹಳೇ ಕಾಟ. 1978ರ ಮೇ ತಿಂಗಳಲ್ಲಿ ಗ್ಯಾರಿ ಥುವರ್ಕ್ ಎಂಬ ಮಾರ್ಕೆಟಿಂಗ್ ಉದ್ಯೋಗಿ ತಮ್ಮ ಕಂಪ್ಯೂಟರ್ ಕಂಪನಿಯ ಜಾಹೀರಾತನ್ನು ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಟ್ಟಿಗೆ ಕಳಿಸಿದರು. ಅದನ್ನೇ ಮೊದಲ ಸ್ಪ್ಯಾಮ್ ಎನ್ನುತ್ತಾರೆ. 2002ರಲ್ಲಿ ಪಾಲ್ ಗ್ರಹಾಂ ಬರೆದ ಒಂದು ಲೇಖನದ ನಂತರ ಸ್ಪ್ಯಾಮ್ ಹಿಡಿಯಲು ಬೇಸ್ ಪ್ರಮೇಯ ಬಳಸುವುದು ಜನಪ್ರಿಯವಾಯಿತು. ಹೌದು, ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಅದೇ ಪ್ರಮೇಯ.

ಒಂದು ಲೆಕ್ಕ ನೋಡೋಣ. ಅಂಗಡಿಗೆ 100 ಮೇಲ್ ಬಂದಿವೆ ಅಂದುಕೊಳ್ಳಿ. ಅದರಲ್ಲಿ 60 ಸ್ಪ್ಯಾಮ್, 40 ಒಳ್ಳೆಯವು. 'ಲಾಟರಿ' ಎಂಬ ಪದ 30 ಸ್ಪ್ಯಾಮ್‌ಗಳಲ್ಲಿದೆ, ಒಳ್ಳೆಯದರಲ್ಲಿ ಒಂದರಲ್ಲಿ ಮಾತ್ರ. ಹಾಗಾದರೆ 'ಲಾಟರಿ' ಇರುವ ಮೇಲ್ ಸ್ಪ್ಯಾಮ್ ಆಗಿರುವ ಸಂಭವ 30/31, ಅಂದರೆ ಸುಮಾರು 97%. 'ಬಿಲ್ಲು' ಎಂಬ ಪದ 6 ಸ್ಪ್ಯಾಮ್‌ಗಳಲ್ಲಿ, 24 ಒಳ್ಳೆಯ ಮೇಲ್‌ಗಳಲ್ಲಿದೆ. ಆಗ ಸಂಭವ 6/30, ಬರೀ 20%.

ಗಮನಿಸಬೇಕಾದ್ದು ಇಲ್ಲೇ. "ನಮಸ್ಕಾರ, ಕಳೆದ ವಾರದ ಬಿಲ್ಲು ಲಗತ್ತಿಸಿದೆ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಒಬ್ಬ ಕಳ್ಳ ಬರೆದರೆ ಅದರಲ್ಲಿ ಅನುಮಾನ ಪಡುವ ಒಂದು ಪದವೂ ಇಲ್ಲ. ಇವತ್ತಿನ ಫಿಲ್ಟರ್‌ಗಳು ಪದಗಳ ಜೊತೆ ಇನ್ನೂ ಎಷ್ಟೋ ಸಂಗತಿ ನೋಡುತ್ತವೆ, ನಿಜ. ಆದರೂ ಸಾವಿರಾರು ಜನರಿಗೆ ಕಳಿಸಿದ ಮೇಲ್ ಹಿಡಿಯುವುದು ಸುಲಭ, ಒಬ್ಬರಿಗೇ ಅಂತ ಬರೆದದ್ದನ್ನು ಹಿಡಿಯುವುದು ಕಷ್ಟ. ಅಂಗಡಿಯನ್ನು ಮುಳುಗಿಸುವುದು ಆ ಒಂದು ಮೇಲ್.

ಎರಡು ಅಕ್ಷರ, 197 ಕೋಟಿ

ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ ಬಂದದ್ದು 1982ರಲ್ಲಿ. ಆಗ ನೆಟ್‌ವರ್ಕ್‌ನಲ್ಲಿ ಇದ್ದವರು ಕಡಿಮೆ, ನಂಬಿಕೆ ಜಾಸ್ತಿ. ಹಾಗಾಗಿ ಕಳಿಸಿದವರು ನಿಜಕ್ಕೂ ಅವರೇನಾ ಅಂತ ಕೇಳುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಅಂಚೆ ಲಕೋಟೆಯ ಮೇಲೆ 'ಇಂದ' ಅಂತ ಯಾರ ಹೆಸರನ್ನೂ ಬರೆಯಬಹುದಲ್ವಾ, ಹಾಗೆ.

2015ರಲ್ಲಿ ನಮ್ಮ ದೇಶದ ಓಎನ್‌ಜಿಸಿ ಕಂಪನಿ ಸೌದಿ ಅರೇಬಿಯಾದ ಅರಾಮ್ಕೊಗೆ ನಾಫ್ತಾ ಮಾರಿತ್ತು. ಮಧ್ಯೆ ಕಳ್ಳರು ನುಗ್ಗಿ, ಓಎನ್‌ಜಿಸಿಯ ಇಮೇಲ್ ವಿಳಾಸದಲ್ಲಿ 'ಎನ್' ಮತ್ತು 'ಜಿ' ಅಕ್ಷರ ಅದಲುಬದಲು ಮಾಡಿದ ವಿಳಾಸದಿಂದ, ಹಣವನ್ನು ಬೇರೆ ಖಾತೆಗೆ ಹಾಕಿ ಅಂತ ಬರೆದರು. ಸುಮಾರು 197 ಕೋಟಿ ರೂಪಾಯಿ ಕಳ್ಳರ ಖಾತೆಗೆ ಹೋಯಿತು. ದೊಡ್ಡ ದೊಡ್ಡ ಲೆಕ್ಕಪತ್ರ ವಿಭಾಗಗಳಿರುವ ಕಡೆಯೇ ಹೀಗಾದರೆ, ಗಿರಾಕಿಗೆ ಮೀನು ತೂಗುತ್ತಾ ಮೊಬೈಲಿನಲ್ಲಿ ಮೇಲ್ ನೋಡುವವರ ಪಾಡೇನು?

ಮೂರು ಬೀಗ

ಸ್ವಂತ ಡೊಮೇನ್ ಇರುವ ಹೋಮ್‌ಸ್ಟೇ ಅಥವಾ ಕಂಪನಿ ಡಿಎನ್‌ಎಸ್‌ನಲ್ಲಿ ಮೂರು ದಾಖಲೆ ಹಾಕಬೇಕು. ಎಸ್‌ಪಿಎಫ್ ಅಂದರೆ, ನಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ. ಡಿಕಿಮ್ ಅಂದರೆ ಪ್ರತಿ ಮೇಲ್ ಮೇಲೆ ಡಿಜಿಟಲ್ ಸಹಿ. ದಾರಿಯಲ್ಲಿ ಯಾರಾದರೂ ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ. ಡಿಮಾರ್ಕ್ ಅಂದರೆ, ಇವೆರಡೂ ತಪ್ಪಿದಾಗ ಏನು ಮಾಡಬೇಕು ಎಂಬ ಸೂಚನೆ: ಸುಮ್ಮನೆ ವರದಿ ಕೊಡು, ಸ್ಪ್ಯಾಮ್‌ಗೆ ಹಾಕು, ಇಲ್ಲವೇ ತಿರಸ್ಕರಿಸು. ಮೊದಲ ದಿನವೇ 'ತಿರಸ್ಕರಿಸು' ಹಾಕಬೇಡಿ. ಕೆಲವು ವಾರ ವರದಿ ನೋಡಿ ಆಮೇಲೆ ಬಿಗಿ ಮಾಡಿ, ಇಲ್ಲದಿದ್ದರೆ ನಮ್ಮದೇ ಬಿಲ್ಲು ಗಿರಾಕಿಗೆ ಮುಟ್ಟದೆ ಇರಬಹುದು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ಭಾರೀ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಬರೀ ಜಿಮೇಲ್ ವಿಳಾಸ ಇಟ್ಟುಕೊಂಡವರಿಗೆ ಈ ಕೆಲಸ ಇಲ್ಲ, ಗೂಗಲ್ಲೇ ನೋಡಿಕೊಳ್ಳುತ್ತದೆ.

ಆದರೆ ಈ ಬೀಗಗಳು ಕಾಯುವುದು ನಮ್ಮ ಹೆಸರನ್ನು ಮಾತ್ರ. ಎರಡು ಅಕ್ಷರ ತಿರುಗಿಸಿದ ಡೊಮೇನ್ ಕಳ್ಳನದೇ ಸ್ವಂತದ್ದು, ಅದಕ್ಕೆ ಅವನೂ ಮೂರು ಬೀಗ ಹಾಕಿ ಪರೀಕ್ಷೆ ಪಾಸಾಗಬಹುದು! ಹಾಗಾಗಿ ಕೊನೆಯ ಕಾವಲು ಮನುಷ್ಯರದ್ದೇ.

ರಜೆಯಲ್ಲಿ ಒಂದು ಗಂಟೆ

"ತಮ್ಮಾ, ಈ ಮೇಲ್ ಎಂತದು ನೋಡು" ಅಂತ ಅಂಗಡಿಯವರು ಫೋನ್ ಮುಂದೆ ಹಿಡಿದಾಗ ನಾವು ಅದನ್ನು ಅಳಿಸಿ ವಾಪಸ್ ಕೊಟ್ಟರೆ ಸಾಲದು. ಅವರ ಜೊತೆ ಕೂತು ಇಷ್ಟು ಮಾಡಬಹುದು.

1. ಖಾತೆ ಸಂಖ್ಯೆ ಬದಲಾಗಿದೆ ಅಂತ ಮೇಲ್ ಬಂದರೆ ಫೋನ್ ಮಾಡದೆ ಹಣ ಹಾಕುವುದಿಲ್ಲ. ಆ ಮೇಲ್‌ನಲ್ಲಿರುವ ನಂಬರಿಗಲ್ಲ, ಹಳೇ ಪುಸ್ತಕದಲ್ಲಿ ಬರೆದಿಟ್ಟ ನಂಬರಿಗೆ. ಈ ಒಂದು ನಿಯಮವನ್ನು ಗಲ್ಲಾದ ಪಕ್ಕ ಬರೆದು ಅಂಟಿಸಿ.

2. ಮೊಬೈಲಿನಲ್ಲಿ ಹೆಸರು ಮಾತ್ರ ಕಾಣುತ್ತದೆ. ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ಓದಲು ತೋರಿಸಿಕೊಡಿ.

3. ಎರಡು ಹಂತದ ಪರಿಶೀಲನೆ ಹಾಕಿಕೊಡಿ. ರಿಕವರಿ ನಂಬರ್ ಮಾಲೀಕರದ್ದೇ ಇರಲಿ. ಖಾತೆ ತೆರೆದುಕೊಟ್ಟವರ ನಂಬರ್, ಅಥವಾ ನಮ್ಮ ನಂಬರ್, ಕೊಟ್ಟರೆ ನಾವು ಸಿಮ್ ಬದಲಿಸಿದ ದಿನ ಅವರ ವ್ಯಾಪಾರದ ಬಾಗಿಲಿಗೆ ಬೀಗ ಬೀಳಬಹುದು.

4. ವಿಂಡೋಸ್ ಫೈಲಿನ ಕೊನೆಯ ಹೆಸರನ್ನು ಬಚ್ಚಿಡುತ್ತದೆ. 'ಬಿಲ್ಲು ಡಾಟ್ ಪಿಡಿಎಫ್' ಎಂದು ಕಂಡದ್ದು ನಿಜದಲ್ಲಿ 'ಬಿಲ್ಲು ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಆಗಿರಬಹುದು. ಆ ಸೆಟ್ಟಿಂಗ್ ಬದಲಿಸಿ.

5. ಲೆಕ್ಕದ ಫೈಲುಗಳನ್ನು ವಾರಕ್ಕೊಮ್ಮೆ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ, ಡಿಸ್ಕ್ ಬಿಚ್ಚಿ ತೆಗೆದಿಡಲಿ. ಕಂಪ್ಯೂಟರಿಗೇ ಚುಚ್ಚಿಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

6. ದಿನಕ್ಕೊಮ್ಮೆ ಸ್ಪ್ಯಾಮ್ ಫೋಲ್ಡರ್ ನೋಡಲಿ. ನಿಜವಾದ ಆರ್ಡರ್ ಅಲ್ಲಿ ಬಿದ್ದಿರಬಹುದು.

ಇಷ್ಟಾದರೂ ಹಣ ಹೋಯಿತು ಅನ್ನಿ. ಮರ್ಯಾದೆಗೆ ಅಂಜಿ ಸುಮ್ಮನೆ ಕೂರಬಾರದು. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಕಾರವಾರದ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಆಗುವುದು ಮೊದಲ ಕೆಲವು ಗಂಟೆಗಳಲ್ಲೇ. ಮೇಲ್ ಅಳಿಸಬೇಡಿ, ಅದೇ ಸಾಕ್ಷಿ.

ನಾವು ಓದುವ ನೆಟ್‌ವರ್ಕ್ಸ್, ಪ್ರಾಬೆಬಿಲಿಟಿ ಎಲ್ಲ ಇದರಲ್ಲಿ ಬಂದುಹೋಯಿತು ನೋಡಿ. ಈ ರಜೆಯಲ್ಲಿ ನಿಮ್ಮ ಊರಿನ ಒಂದು ಅಂಗಡಿ ಆರಿಸಿಕೊಳ್ಳಿ, ಮೊದಲ ನಿಯಮದಿಂದ ಶುರುಮಾಡಿ. ಏನು ಕಷ್ಟ ಬಂತು ಅಂತ ಕ್ಲಬ್ಬಿಗೆ ಬರೆದು ಕಳಿಸಿ, ಕೂತು ಬಿಡಿಸೋಣ.